ಕುಚ್ಚಲಕ್ಕಿ ಬೇಯದ ಕೆರೆದಂಡೆ

ಕುಂದಾಪುರದವರಿಗೆ ನೀರಿನ ಕೊರತೆ ಇಲ್ಲ. ಪಡುವಣಕ್ಕೆ ಸಮುದ್ರ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಪಂಚಗಂಗಾವಳಿ ಎಂದು ಒಂದೇ ಹೆಸರಿಟ್ಟುಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಮರವಂತೆಯಲ್ಲಿ ಹೆದ್ದಾರಿಯ ಈಚೆಗೆ ಹೊಳೆ, ಆಚೆಗೆ ಕಡಲು. ಇದೆಲ್ಲ ಸಾಲದು ಎಂಬಂತೆ ಮೇಲಿನಿಂದ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಇಂಥ ಊರಿನವರು ದುಡ್ಡು ಕೊಟ್ಟು, ಸೊಂಟ ಹಿಡಿಯುವಷ್ಟು ಹೊತ್ತು ರೈಲಿನಲ್ಲಿ ಕೂತು, ಒಂದು ಕೆರೆ ನೋಡಲು ಹೊರಟರೆ ಮನೆಯವರು ಏನು ಹೇಳಬೇಕೋ ಅದನ್ನೇ ಅಮ್ಮ ಹೇಳಿದರು.

"ನೀರ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ? ಬಾವಿಕಟ್ಟೆ ಹತ್ರ ನಿಂತ್ರೆ ಆತಿಲ್ಯಾ?"

"ಅದ್ ಬರೀ ನೀರಲ್ಲ ಅಮ್ಮ, ಹಿಮ ಕರ್ಗಿದ್ ನೀರ್."

"ಕರ್ಗಿದ್ ಮೇಲೆ ನೀರೇ ಅಲ್ದಾ?"

ಇದಕ್ಕೆ ಉತ್ತರ ಇಂದಿಗೂ ನನ್ನಲ್ಲಿಲ್ಲ.

ಆ ಕೆರೆಯ ಹೆಸರು ಗಂಗಾಬಲ್. ಕಾಶ್ಮೀರದ ಗಾಂದರ್‌ಬಲ್ ಜಿಲ್ಲೆಯಲ್ಲಿ, 5,142 ಮೀಟರ್ ಎತ್ತರದ ಹರ್ಮುಖ್ ಶಿಖರದ ಬುಡದಲ್ಲಿದೆ. ಶಿಖರದ ಹಿಮನದಿ ಕರಗಿ ಕೆರೆ ತುಂಬುತ್ತದೆ, ತುಂಬಿದ್ದು ಪಕ್ಕದ ನುಂದ್‌ಕೋಲ್ ಎಂಬ ಚಿಕ್ಕ ಕೆರೆಗೆ ಹರಿಯುತ್ತದೆ, ಅಲ್ಲಿಂದ ಹಳ್ಳವಾಗಿ ಇಳಿದು ಸಿಂಧ್ ಎಂಬ ಹೊಳೆ ಸೇರಿ ಕೊನೆಗೆ ಝೇಲಂ ಪಾಲಾಗುತ್ತದೆ. ಕಾಶ್ಮೀರಿ ಪಂಡಿತರಿಗೆ ಇದೇ ಗಂಗೆ. ತೀರಿಹೋದವರ ಅಸ್ಥಿಯನ್ನು ಇಲ್ಲಿಗೇ ತಂದು ಬಿಡುತ್ತಿದ್ದರು. ಈ ಕಡೆಯ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಕಾಶ್ಮೀರ ಎಂದದ್ದಕ್ಕೇ ಅಮ್ಮ ಕೊಲ್ಲೂರಿಗೆ ಹರಕೆ ಹೇಳಿಕೊಂಡಾಗಿತ್ತು.

ನಮ್ಮ ಕಡೆಯವರು ತಿರುಗಾಟಕ್ಕೆ ಮಳೆಗಾಲದಲ್ಲೇ ಯಾಕೆ ಹೊರಡುತ್ತಾರೆ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಕಾರಣ ಸರಳ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಗಂಗೊಳ್ಳಿಯ ಬೋಟಿನವರು ಬಿಡುವಾಗಿದ್ದರು. ಮೇ ಮುಗಿಯುವುದರೊಳಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಹಾಗಾಗಿ ಚೆಂಡೆಯವರೂ ಬಿಡುವಾಗಿದ್ದರು. ವಿಜ್ಞಾನದ ಮೇಷ್ಟ್ರು ನಿವೃತ್ತರಾದಂದಿನಿಂದ ಬಿಡುವಾಗಿಯೇ ಇದ್ದಾರೆ. ಬೆಂಗಳೂರಿನಲ್ಲಿ ಹೋಟೆಲು ಇಟ್ಟ ಒಬ್ಬರು ಗಲ್ಲಾಪೆಟ್ಟಿಗೆಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದರು. ಅವರ ಒಂದು ಕಿವಿ ಮಾತ್ರ ಹೋದಲ್ಲೆಲ್ಲ ಫೋನಿನಲ್ಲೇ ಇತ್ತು. ಕಾಶ್ಮೀರದ ಎತ್ತರದ ಕೆರೆಗಳ ಹಿಮ ಒಡೆಯುವುದೂ ಈ ತಿಂಗಳುಗಳಲ್ಲೇ ಎನ್ನುವುದು ದೇವರ ವ್ಯವಸ್ಥೆ.

ರೈಲಿನ ವಿಷಯಕ್ಕೆ ಎರಡು ಪಕ್ಷಗಳಾದವು. ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಕೊಂಕಣದ ಮೇಲೆ ದೆಹಲಿಗೆ ಹೋಗಿ ಅಲ್ಲಿ ರೈಲು ಬದಲಿಸುವುದು ಒಂದು. ಮಂಗಳೂರಿನಿಂದ ವಾರಕ್ಕೊಮ್ಮೆ ನೇರ ಕಟ್ರಾಕ್ಕೆ ಹೋಗುವ ನವಯುಗ ಎಕ್ಸ್‌ಪ್ರೆಸ್ ಹಿಡಿಯುವುದು ಇನ್ನೊಂದು. ಸಾಮಾನು ಇಳಿಸಿ ಏರಿಸುವ ಕಷ್ಟ ಇಲ್ಲ ಎಂದು ಎರಡನೆಯದೇ ಗೆದ್ದಿತು. ಈ ನವಯುಗದ ಮಹಿಮೆ ಏನೆಂದರೆ, ಉತ್ತರಕ್ಕೆ ಹೋಗಲು ಅದು ಮೊದಲು ದಕ್ಷಿಣಕ್ಕೆ ಹೊರಡುತ್ತದೆ. ನಾವು ಕುಂದಾಪುರದಿಂದ ತೆಂಕಿಗೆ ಮಂಗಳೂರಿಗೆ ಹೋದೆವು. ರೈಲು ಅಲ್ಲಿಂದ ಇನ್ನಷ್ಟು ತೆಂಕಿಗೆ ಕಾಸರಗೋಡು, ಕಲ್ಲಿಕೋಟೆ ದಾಟಿ ಪಾಲಕ್ಕಾಡಿನ ಕಣಿವೆಯಲ್ಲಿ ನುಸುಳಿ ಕೊಯಮತ್ತೂರಿಗೆ ಬಂತು. ಕರ್ನಾಟಕದಲ್ಲಿ ಹುಟ್ಟಿದ ಈ ರೈಲು ಉಳ್ಳಾಲ ಕಳೆದ ಮೇಲೆ ಕರ್ನಾಟಕದ ಮುಖವನ್ನೇ ನೋಡುವುದಿಲ್ಲ. "ಹ್ವಾಯ್ ಮೇಷ್ಟ್ರೇ, ಕಾಶ್ಮೀರ ಇಪ್ಪುದ್ ತಮಿಳ್ನಾಡಗಾ?" ಎಂದು ಬೋಟಿನವರು ಈರೋಡಿನಲ್ಲಿ ಕೇಳಿದ್ದಕ್ಕೆ ಮೇಷ್ಟ್ರು ಉತ್ತರ ಕೊಡದೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ನಾಗಪುರದ ಆಸುಪಾಸಿನಲ್ಲಿ ಬೋಟಿನವರು ಒಣ ಸಿಗಡಿ ಚಟ್ನಿಯ ಡಬ್ಬಿ ಮುಚ್ಚಳ ತೆಗೆದರು. ಎದುರಿನ ಸೀಟಿನ ಸಸ್ಯಾಹಾರಿ ಕುಟುಂಬ ಎದ್ದು ಬೋಗಿಯ ಆ ತುದಿಗೆ ಹೋಯಿತು. ನಮಗೆ ಕಾಲು ಚಾಚಲು ಜಾಗವಾಯಿತು. ಇದನ್ನು ಉಪಾಯ ಎಂದು ಯಾರೂ ತಿಳಿಯಬಾರದು, ಅವರಿಗೆ ನಿಜಕ್ಕೂ ಹಸಿವಾಗಿತ್ತು.

ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್. 2025ರ ಜೂನ್ 6ರಂದು ಉದ್ಘಾಟನೆಯಾದ ಓಡಾಟ ಇದು. ಅಲ್ಲಿಯವರೆಗೆ ಕಣಿವೆಗೆ ಹೋಗುವವರು ಜಮ್ಮುವಿನಲ್ಲಿ ರೈಲು ಇಳಿದು ಬಸ್ಸಿನಲ್ಲೋ ಜೀಪಿನಲ್ಲೋ ಘಟ್ಟ ಹತ್ತಬೇಕಿತ್ತು. ಈ ಉಧಂಪುರ–ಬಾರಾಮುಲ್ಲಾ ಹಳಿ ಒಟ್ಟು 272 ಕಿಲೋಮೀಟರ್, ಅದರಲ್ಲಿ 119 ಕಿಲೋಮೀಟರ್ ಸುರಂಗಗಳೊಳಗೇ ಇದೆ. ಬೈಂದೂರಿನಿಂದ ರತ್ನಾಗಿರಿಯ ತನಕ ಸುರಂಗ ಹೊಕ್ಕು ಅಭ್ಯಾಸವಿದ್ದ ನಮಗೆ ಅದೇನೂ ಹೊಸತಾಗಿರಲಿಲ್ಲ. ಹೊಸತಾದದ್ದು ಚಿನಾಬ್ ಸೇತುವೆ. ನದಿಯಿಂದ 359 ಮೀಟರ್ ಮೇಲೆ, ಉದ್ದ 1,315 ಮೀಟರ್. ಅದನ್ನು ಕಟ್ಟಿಸುವ ಹೊಣೆ ಹೊತ್ತದ್ದು ನಮ್ಮ ಕೊಂಕಣ ರೈಲ್ವೆ ನಿಗಮ ಎಂದು ಗೊತ್ತಿದ್ದದ್ದೇ ಮೇಷ್ಟ್ರಿಗೆ ಸಾಕಾಯಿತು. ಬೋಗಿಯಲ್ಲಿದ್ದ ಪಂಜಾಬಿಗಳನ್ನೂ ಗುಜರಾತಿಗಳನ್ನೂ ತಡೆದು ನಿಲ್ಲಿಸಿ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲನ್ನು ಹೊರಡಿಸಿದ್ದರಿಂದ ಹಿಡಿದು 1998ರಲ್ಲಿ ದಾರಿ ಪೂರ್ತಿ ತೆರೆದದ್ದರವರೆಗೆ ಹಿಂದಿಯಲ್ಲಿ ವಿವರಿಸಿದರು. ನಮ್ಮಲ್ಲಿ ಹಳಿಗೆ ಜಾಗ ಬಿಟ್ಟುಕೊಟ್ಟ ಮನೆಗಳವರಿಗೆ ಆ ರೈಲಿನ ಮೇಲೆ ಪಾಲುದಾರರಂಥ ಹಕ್ಕಿದೆ. ಆ ಹಕ್ಕನ್ನು ಮೇಷ್ಟ್ರು ಚಿನಾಬಿನ ತನಕ ವಿಸ್ತರಿಸಿದ್ದರು, ಅಷ್ಟೆ. ವಿವರಣೆ ಮುಗಿಸಿ ತಿರುಗಿ ನೋಡುವಾಗ ಸೇತುವೆ ಹಿಂದೆ ಹೋಗಿ ರೈಲು ಮುಂದಿನ ಸುರಂಗದಲ್ಲಿತ್ತು. ನೋಡಿದವರಿಗಾದರೂ ಏನು ಕಂಡಿತು? ಆ ಪ್ರಸಿದ್ಧ ಕಮಾನು ಇರುವುದು ಕಾಲಡಿಯಲ್ಲಿ. ಅದು ಕಾಣಬೇಕಾದರೆ ರೈಲಿನಲ್ಲಿ ಇರಬಾರದು.

ಶ್ರೀನಗರದಿಂದ ನಾರಾನಾಗ್‌ಗೆ ಕಾರು. ಅಲ್ಲಿ ಲಲಿತಾದಿತ್ಯನ ಕಾಲದ ಎಂದು ಹೇಳುವ ಕಲ್ಲಿನ ಗುಡಿಗಳ ಅವಶೇಷಗಳಿವೆ. ಅಲ್ಲಿಂದ ಮುಂದೆ ಕಾಲು ಮತ್ತು ಕುದುರೆ. ಕೆರೆ ಇರುವುದು ಸುಮಾರು 3,570 ಮೀಟರಿನಲ್ಲಿ. ಹತ್ತಬೇಕಾದ ಎತ್ತರ ಸಾವಿರದ ಮುನ್ನೂರು ಮೀಟರಿನ ಮೇಲಾಗುತ್ತದೆ ಎಂದು ಮಾರ್ಗದರ್ಶಕ ಹುಡುಗ ಹೇಳಿದ. ನಮ್ಮ ಕೊಡಚಾದ್ರಿ ಸಮುದ್ರಮಟ್ಟದಿಂದ 1,343 ಮೀಟರ್. ಅಂದರೆ ಮರವಂತೆಯ ಮರಳಿನಿಂದ ಹೊರಟು ಸರ್ವಜ್ಞಪೀಠ ಮುಟ್ಟಿದಷ್ಟು, ಅದೂ ಜೀಪು ಇಲ್ಲದೆ. ಲೆಕ್ಕ ಕೇಳಿದ ಹೋಟೆಲಿನವರು ಮಾತಾಡದೆ ಒಂದು ಕುದುರೆಗೆ ಮುಂಗಡ ಕೊಟ್ಟರು.

ದಾರಿಯಲ್ಲಿ ತ್ರುಂಖೋಲ್ ಎಂಬ ಹುಲ್ಲುಗಾವಲಿದೆ. ಬೇಸಿಗೆಗೆ ಕುರಿ, ಎಮ್ಮೆ ಹೊಡೆದುಕೊಂಡು ಬರುವ ಗುಜ್ಜರರ ಮರದ ಮನೆಗಳಿವೆ. ಒಂದು ಮನೆಯಲ್ಲಿ ಕರೆದು ನೂನ್ ಚಾಯ್ ಕೊಟ್ಟರು. ಗುಲಾಬಿ ಬಣ್ಣ, ಉಪ್ಪಿನ ರುಚಿ. ಹುಟ್ಟಿದಾರಭ್ಯ ಚಾದಲ್ಲೇ ಬದುಕು ಕಂಡ ಹೋಟೆಲಿನವರು ಒಂದು ಗುಟುಕು ಕುಡಿದು ಮೌನವಾದರು. ಆಮೇಲೆ ಕಿವಿಯ ಹತ್ತಿರ ಬಂದು, "ಗಂಜಿಗ್ ಹಾಕುವ ಉಪ್ಪ್ ಚಾಕ್ ಹಾಕಿರ್ ಮರ್ರೆ" ಎಂದರು. ಮರ್ಯಾದೆಗೆ ಕಪ್ಪು ಖಾಲಿ ಮಾಡಿದರು, ಮರ್ಯಾದೆಗೇ ಅವರು ಇನ್ನೊಂದು ತುಂಬಿಸಿದರು.

ಕೆರೆಯ ಹತ್ತಿರ ಡೇರೆ ಹಾಕಿದ್ದು ಸಂಜೆಗೆ. ಚೆಂಡೆಯವರು ಅರ್ಧ ಆಯುಷ್ಯ ಡೇರೆ ಮೇಳದಲ್ಲೇ ಕಳೆದವರು. ಡೇರೆ ಎಂದರೆ ನನಗೆ ಬಿಡಿ ಎಂದು ಊರಿನಿಂದಲೇ ಹೇಳುತ್ತ ಬಂದಿದ್ದರು. ಇಲ್ಲಿನ ಡೇರೆಯೊಳಗೆ ತಲೆ ತೂರಿಸಿ, ಹಾಗೆಯೇ ಹಿಂದಕ್ಕೆ ತೆಗೆದು ಹೇಳಿದರು: "ನಮ್ಮ ಡೇರಿಯಗೆ ಸಾವ್ರ ಜನ ಕೂಕಂತಿದ್ರ್. ಇದ್ರಗೆ ಮಗ್ಲ್ ಬದ್ಲ್ಸುಕೂ ಜಾಗ ಇಲ್ಲೆ." ಅವರ ಜೊತೆ ಮಲಗಿದ ನಾನು ಹೇಳುತ್ತೇನೆ, ಅವರು ಬದಲಿಸಿದರು. ಬೆಳಗಿನ ಜಾವದ ತನಕ ಏರುಪದ್ಯದ ಕಾಲದಲ್ಲಿ ಗೊರಕೆಯನ್ನೂ ಹೊಡೆದರು.

ಇನ್ನು ಅಕ್ಕಿಯ ಕತೆ. ಬಿಳಿ ಅನ್ನ ಉಂಡರೆ ಉಂಡ ಹಾಗಾಗುವುದಿಲ್ಲ ಎನ್ನುವುದು ಕರಾವಳಿಯ ಸರ್ವಸಮ್ಮತ ಸಿದ್ಧಾಂತ. ಆದ್ದರಿಂದ ಹೋಟೆಲಿನವರು ಚೀಲ ತುಂಬ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಒಂದು ಬಾಟಲಿ ತೆಂಗಿನೆಣ್ಣೆ ತಂದಿದ್ದರು. ಚಾರಣದವರ ಅಡುಗೆಯ ಹುಡುಗರನ್ನು ಬದಿಗೆ ಸರಿಸಿ, ಇವತ್ತು ಗಂಜಿ ಊಟ ಎಂದು ಘೋಷಿಸಿ, ಪಾತ್ರೆ ಇಟ್ಟರು. ನೀರು ಬೇಗ ಕುದಿಯಿತು. ಎಲ್ಲರಿಗೂ ಖುಷಿ. ಕುದಿಯುತ್ತಲೇ ಇತ್ತು. ಅಕ್ಕಿ ಮಾತ್ರ ಹಾಕಿದ ಹಾಗೇ ಇತ್ತು. ಒಂದು ತಾಸಾಯಿತು. ಅಗುಳು ತೆಗೆದು ಒತ್ತಿದರೆ ಬೆರಳು ನೋಯಿತು. ಕತ್ತಲಾಯಿತು. ಗ್ಯಾಸಿನ ಹುಡುಗ ಸಿಲಿಂಡರನ್ನು ಎತ್ತಿ ಎತ್ತಿ ತೂಕ ನೋಡತೊಡಗಿದ.

ಆಗ ಮೇಷ್ಟ್ರ ಮುಖದಲ್ಲಿ ಬಂದ ಕಳೆಯನ್ನು ನಾನು ಮರೆಯಲಾರೆ. ಎತ್ತರ ಏರಿದ ಹಾಗೆ ಗಾಳಿಯ ಒತ್ತಡ ಕಡಿಮೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ, ಆದ್ದರಿಂದ ಇಲ್ಲಿ ನೀರು ಕುದಿಯುತ್ತಿರುವುದು 88 ಡಿಗ್ರಿಯಲ್ಲಿ. ಎಷ್ಟು ಬೆಂಕಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಊರಿನಲ್ಲೇ ಬೇಯಲು ಸತಾಯಿಸುವ ಕುಚ್ಚಲಕ್ಕಿ ಇಲ್ಲಿ ಬೇಯುವುದುಂಟೇ? ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಪಾಠ ಮಾಡಿದ್ದು ಕಣ್ಣೆದುರು ನಡೆಯುತ್ತಿದೆ ಎಂಬ ಸಂಭ್ರಮ ಅವರಿಗೆ. "ಮೊದ್ಲೇ ಹೇಳುಕಾತಿರ್ಲಿಲ್ಯಾ?" ಎಂದು ಬೋಟಿನವರು ಕೇಳಿದರು. "ಹೇಳಿದ್ರೆ ಪ್ರಯೋಗ ಆತಿರ್ಲಿಲ್ಲೆ" ಎಂದರು ಮೇಷ್ಟ್ರು.

ಕೊನೆಗೆ ಅಡುಗೆಯ ಹುಡುಗರು ಕುಕ್ಕರಿನಲ್ಲಿ ಮಾಡಿಟ್ಟ ದಾಲು, ಬಿಳಿ ಅನ್ನವನ್ನೇ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು. ಅರೆಬೆಂದ ಕುಚ್ಚಲಕ್ಕಿ ಬೆಳಿಗ್ಗೆ ಕುದುರೆಗೆ ಸಂದಿತು. ಗಂಜಿಯನ್ನು ಪೂರ್ತಿ ಮೆಚ್ಚಿಕೊಂಡದ್ದು ಅದೊಂದೇ. ತೆಂಗಿನೆಣ್ಣೆಯಂತೂ ಕಲ್ಲಾಗಿತ್ತು, 24 ಡಿಗ್ರಿಯ ಕೆಳಗೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ. ಹೋಟೆಲಿನವರು ಅದನ್ನು ಮಲಗುವ ಚೀಲದೊಳಗೆ ಎದೆಗವಚಿಕೊಂಡು ಮಲಗಿ, ಬೆಳಿಗ್ಗೆ ಎರಡು ಹನಿ ಇಳಿಸಿ ತಲೆಗೆ ತಿಕ್ಕಿಕೊಂಡರು.

ಬೋಟಿನವರ ಕಷ್ಟ ಬೇರೆ. ಕೆರೆಯ ತುಂಬ ಟ್ರೌಟ್ ಮೀನು. ಕಾಶ್ಮೀರಕ್ಕೆ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ತಳಿ. ಹಿಡಿಯಬೇಕಾದರೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಅದೂ ಗಾಳದಿಂದ ಮಾತ್ರ. ಊರಿನಲ್ಲಿ ನಿಷೇಧ ಎಂದು ಇಲ್ಲಿಗೆ ಬಂದರೆ ಇಲ್ಲೂ ಕಾಗದ ಕೇಳುತ್ತಾರೆ ಎಂದು ಅವರಿಗೆ ಸಿಟ್ಟು. ದಂಡೆಯಲ್ಲಿ ಕೂತು ನೀರನ್ನೇ ದಿಟ್ಟಿಸುತ್ತಿದ್ದ ಅವರ ಬಳಿ ಕುದುರೆಯವ ಬಂದು ಕೂತ. ಅವನು ಸಮುದ್ರ ಕಂಡವನಲ್ಲ. ಎಷ್ಟು ದೊಡ್ಡದು, ಈ ಕೆರೆಯ ಎರಡರಷ್ಟಿದೆಯೇ ಎಂದು ಕೇಳಿದ. ಈ ಕೆರೆಯ ಉದ್ದವೇ ಎರಡೂವರೆ ಕಿಲೋಮೀಟರ್; ಅವನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ನೀರು ಲೋಕದಲ್ಲಿ ಇರಬೇಕಾದ ಕಾರಣ ಇಲ್ಲ. ಬೋಟಿನವರು ತಮಗೆ ಬರುವ ಹಿಂದಿಯನ್ನೆಲ್ಲ ಒಟ್ಟುಮಾಡಿ, ಆಚೆ ದಡ ಕಾಣುವುದೇ ಇಲ್ಲ ಎಂದರು. ಕುದುರೆಯವ ನಕ್ಕು, ಮಂಜು ಕವಿದರೆ ನಮ್ಮದೂ ಹಾಗೆಯೇ ಎಂದ. ಬೋಟಿನವರು ಸೋತರು.

ಕೆರೆ ಹೇಗಿತ್ತು ಎಂದು ಊರಿನಲ್ಲಿ ಎಲ್ಲರೂ ಕೇಳಿದರು. ಚೆನ್ನಾಗಿತ್ತು. ನೀಲಿ, ನಡುನಡುವೆ ಹಸಿರು, ತುದಿಯಲ್ಲಿ ಹಿಮ. ಮೇಷ್ಟ್ರು ತೀರ್ಥಸ್ನಾನ ಆಗಲೇಬೇಕೆಂದು ಬೈರಾಸು ಸುತ್ತಿಕೊಂಡು ಮೊಣಕಾಲಿನ ತನಕ ಇಳಿದು, ಸಂಕಲ್ಪದ ಮೊದಲ ಶಬ್ದಕ್ಕೇ ದಡಕ್ಕೆ ಹಾರಿದರು. ನೀರಿನ ಘನೀಭವನದ ಬಗ್ಗೆ ಆ ದಿನ ಪಾಠ ಆಗಲಿಲ್ಲ.

ಹೋಗುವ ಮನಸ್ಸಿದ್ದವರಿಗೆ ಇಷ್ಟು ಹೇಳಬಹುದು. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ತೆರೆದ ದಿನವೇ ಮಾಡಿಸಿ. ಕಾಶ್ಮೀರದ ಕೆಲವು ಚಾರಣದ ದಾರಿಗಳನ್ನು ಭದ್ರತೆಗಾಗಿ ಆಗಾಗ ಮುಚ್ಚುತ್ತಾರೆ, ಮೊದಲೇ ವಿಚಾರಿಸಿ ಹೊರಡಿ. ಬೆಳ್ತಿಗೆ ಅಕ್ಕಿ ಒಯ್ಯಿರಿ, ಕುಕ್ಕರ್ ಮರೆಯಬೇಡಿ. ಬೋಟಿನವರು ಜೊತೆಗಿದ್ದರೆ ಜುಲೈ 31ರೊಳಗೆ ಊರು ಸೇರುವಂತೆ ನೋಡಿಕೊಳ್ಳಿ. ಆಗಸ್ಟ್ 1ರ ಮೇಲೆ ಹಿಮನದಿಯಲ್ಲ, ಸಾಕ್ಷಾತ್ ಕೈಲಾಸಕ್ಕೆ ಕರೆದರೂ ಗಂಗೊಳ್ಳಿಯವರು ಬರುವುದಿಲ್ಲ.