ಕಂಬ ಸಿಕ್ಕರೆ ಕಾರು

ಲಂಡನ್ನಿನಲ್ಲಿ ಎಲೆಕ್ಟ್ರಿಕ್ ಕಾರು ಅಗ್ಗವೋ ದುಬಾರಿಯೋ ಅನ್ನುವುದು ಕಾರಿನ ಕೈಯಲ್ಲಿಲ್ಲ, ಮನೆ ಮುಂದಿನ ಹದಿನೈದಡಿ ಜಾಗದ ಕೈಯಲ್ಲಿದೆ. ಲಂಡನ್ನಿನ ಹೊರಗೆ, ಮಿಲ್ಟನ್ ಕೀನ್ಸ್‌ನಲ್ಲಿರುವ ನಮ್ಮ ಗೆಳೆಯನಿಗೆ ಆ ಜಾಗ ಇದೆ. ರಾತ್ರಿ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಹೊರಗೆ ಹೋಗಿ ವೈರು ಚುಚ್ಚಿ ಬಂದರೆ ಬೆಳಗ್ಗೆ ಬ್ಯಾಟರಿ ಭರ್ತಿ. ನಾವಿರುವುದು ಹೌನ್ಸ್‌ಲೋದ ಸಾಲುಮನೆಯಲ್ಲಿ. ಬಾಗಿಲು ತೆಗೆದರೆ ಕಸದ ಡಬ್ಬ ಇಡುವಷ್ಟು ಅಂಗಳ, ಆಮೇಲೆ ಫುಟ್‌ಪಾತು, ಆಮೇಲೆ ಯಾರದೋ ವ್ಯಾನು. ನಮ್ಮ ಕಾರು ಎಲ್ಲಿ ನಿಲ್ಲುತ್ತದೆ ಅನ್ನುವುದು ಆಯಾ ಸಂಜೆಯ ಯೋಗ.

ಹಳೇ ಪೆಟ್ರೋಲ್ ಕಾರು ವರ್ಷದ ತಪಾಸಣೆಯಲ್ಲಿ ಹೇಗೋ ಪಾಸಾದ ದಿನ ಅಡುಗೆಮನೆಯ ಮೇಜಿನಿಂದ ಲ್ಯಾಪ್‌ಟಾಪು ಸರಿಸಿ (ಕೋವಿಡ್ ಕಾಲದಿಂದ ಆ ಮೇಜೇ ನನ್ನ ಆಫೀಸು) ಮೆಲ್ಲಗೆ ವಿಷಯ ತೆಗೆದೆ. ರಾಜಾಜಿನಗರದಿಂದ ಆರು ತಿಂಗಳ ವೀಸಾದ ಮೇಲೆ ಬಂದಿದ್ದ ನಮ್ಮತ್ತೆ, "ಅದಕ್ಕೇನು, ಕಿಟಕಿಯಿಂದ ಒಂದು ವೈರ್ ಎಳೆದ್ರಾಯ್ತು" ಅಂದರು. ಗಣಪತಿ ಪೆಂಡಾಲಿಗೆ ಕರೆಂಟ್ ಎಳೆಯುವುದನ್ನು ಜನ್ಮವಿಡೀ ಕಂಡವರು. ಇಲ್ಲಿ ಫುಟ್‌ಪಾತಿನ ಮೇಲೆ ವೈರು ಬಿಟ್ಟು ಯಾರಾದರೂ ಎಡವಿ ಬಿದ್ದರೆ ಕೋರ್ಟಿಗೆ ಅಲೆಯಬೇಕಾದೀತು. ಫುಟ್‌ಪಾತಿಗೆ ಅಡ್ಡಲಾಗಿ ಸಣ್ಣ ಕಾಲುವೆ ಕೊರೆಸಿ ವೈರು ಹಾಯಿಸಲು ಕೆಲವು ಕೌನ್ಸಿಲ್‌ಗಳು ಅನುಮತಿ ಕೊಡುತ್ತವೆ. ಕೊಟ್ಟರೂ ಕಾಲುವೆ ಮುಗಿಯುವ ಕಡೆ ಆ ವ್ಯಾನು ನಿಂತಿರುತ್ತದೆ.

ಉಳಿದದ್ದು ಬೀದಿದೀಪದ ಕಂಬ. ಲಂಡನ್ನಿನ ಎಷ್ಟೋ ಬೀದಿಗಳಲ್ಲಿ ಕಂಬದ ಹೊಟ್ಟೆಯಲ್ಲೇ ಸಾಕೆಟ್ ಕೂರಿಸಿದ್ದಾರೆ. ವೆಸ್ಟ್‌ಮಿನ್‌ಸ್ಟರ್‌ನ ಸದರ್ಲೆಂಡ್ ಅವೆನ್ಯೂದಲ್ಲಿ 2020ರಲ್ಲಿ ಸಾಲಾಗಿ ಕಂಬಗಳಿಗೆಲ್ಲ ಈ ಭಾಗ್ಯ ಬಂತು. ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಓದಿ ಮುಂದೆ ಬಂದರು ಅನ್ನುವ ಕಥೆ ಕೇಳಿ ಬೆಳೆದ ನಮಗೆ ಕಂಬದ ಮೇಲೆ ಮೊದಲೇ ಗೌರವ. ಆದರೆ ಇದರ ಜೋರು ಹೆಚ್ಚೆಂದರೆ 5 ಕಿಲೋವಾಟು. 60 ಯೂನಿಟ್ಟಿನ ಬ್ಯಾಟರಿ ಬರಿದಾಗಿದ್ದರೆ ತುಂಬಲು ಹನ್ನೆರಡು ಗಂಟೆಗೆ ಕಡಿಮೆಯಿಲ್ಲ. ನಮ್ಮ ಬೀದಿಗೆ ಇರುವುದು ಅಂಥ ಎರಡೇ ಕಂಬ.

ಅತ್ತೆಗೆ ಇದೊಂದು ತೊಂದರೆಯಾಗಿಯೇ ಕಾಣಲಿಲ್ಲ. "ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ರಾತ್ರಿ ಎರಡು ಗಂಟೆಗೆ ಬರ್ತಿತ್ತು. ನಲ್ಲಿ ಸುಯ್ ಅಂದ ತಕ್ಷಣ ಎದ್ದು ಸಂಪು, ಡ್ರಮ್ಮು, ಬಿಂದಿಗೆ, ಕೊನೆಗೆ ಪಾಯಸದ ಪಾತ್ರೇನೂ ತುಂಬಿಸಿಡ್ತಿದ್ವಿ. ನೀವೂ ಕಂಬ ಖಾಲಿ ಕಂಡಾಗ ಹಿಡ್ಕೊಳಿ." ಇದಕ್ಕಿಂತ ಒಳ್ಳೆಯ ಸಲಹೆಯನ್ನು ನನಗೆ ಯಾವ ಷೋರೂಮಿನವರೂ ಕೊಟ್ಟಿಲ್ಲ. ಡ್ರೈವ್‌ವೇ ಇದ್ದವರು ಬ್ಯಾಟರಿ 40 ಪರ್ಸೆಂಟಿಗೆ ಇಳಿದರೆ ಬೆವರುತ್ತಾರೆ. ಲೋಡ್ ಶೆಡ್ಡಿಂಗ್ ನಡುವೆ ಪಿಯುಸಿ ಓದಿದವನಿಗೆ ಎಂಥ ಬೆವರು? ಈ ವಾದವನ್ನು ನಾನು ಇನ್ನೂ ಬೆಳೆಸುತ್ತಿದ್ದೆ, ಅಷ್ಟರಲ್ಲಿ ಹೆಂಡತಿ ಪೆನ್ನು ತೆಗೆದಳು.

ಅವಳು ಶಾಲೆಯೊಂದರಲ್ಲಿ ಲೆಕ್ಕಪತ್ರ ನೋಡುವವಳು. ಆಗ ಮಿಲ್ಟನ್ ಕೀನ್ಸ್‌ನವನಿಗೆ ರಾತ್ರಿ ದರ ಯೂನಿಟ್ಟಿಗೆ 7 ಪೆನ್ಸ್ ಇತ್ತು. ಮೋಟಾರ್‌ವೇ ಬದಿಯ ಫಾಸ್ಟ್ ಚಾರ್ಜರಿನಲ್ಲಿ 80ರ ಆಸುಪಾಸು. ಯೂನಿಟ್ಟಿಗೆ ಮೂರೂವರೆ ಮೈಲಿ ಅಂದುಕೊಂಡರೆ ಅವನಿಗೆ ಮೈಲಿಗೆ 2 ಪೆನ್ಸ್, ನಮಗೆ 23. ಲೀಟರಿಗೆ 135 ಪೆನ್ಸಿನ ಪೆಟ್ರೋಲ್ ಕುಡಿದು ಗ್ಯಾಲನ್ನಿಗೆ 40 ಮೈಲಿ ಓಡುವ ನಮ್ಮ ಮುದಿ ಕಾರಿಗೇ 15! ಕಂಬದ ದರ ಹೆಚ್ಚುಕಮ್ಮಿ ಪೆಟ್ರೋಲಿಗೆ ಸಮ. ಮನೆ ಕರೆಂಟಿಗೆ ವ್ಯಾಟ್ 5 ಪರ್ಸೆಂಟ್, ಬೀದಿ ಕರೆಂಟಿಗೆ 20. "ಅಂಗಳ ಇಲ್ಲ ಅಂತ ನಮಗೆ ದಂಡ ಬೇರೆ" ಅಂದಳು. ರೋಡ್ ಟ್ಯಾಕ್ಸ್ ಇಲ್ಲವಲ್ಲ ಎಂದು ಬಾಯಿ ಹಾಕಿದೆ. ಆ ಮಾಫಿ 2025ರ ಏಪ್ರಿಲ್‌ಗೇ ಮುಗಿದಿತ್ತು. ಮಗಳು, "ಅಮ್ಮಾ, ಭೂಮಿ?" ಅಂದಳು. "ಭೂಮಿ ಇದ್ದಿದ್ರೆ ಅಲ್ಲೇ ಚಾರ್ಜರ್ ಹಾಕಿಸ್ತಿದ್ವಲ್ಲ ಪುಟ್ಟಿ."

ಒಮ್ಮೆ ಓಡಿಸಿಯಾದರೂ ನೋಡೋಣ ಎಂದು ನವೆಂಬರಿನಲ್ಲಿ ಲೆಸ್ಟರ್ ಕಡೆ ರಾಜ್ಯೋತ್ಸವಕ್ಕೆ ಹೋಗಲು ಬಾಡಿಗೆಗೆ ಒಂದನ್ನು ತಂದೆ. ಹೀಟರ್ ಹಾಕಿದೊಡನೆ 190 ಮೈಲಿ ತೋರಿಸುತ್ತಿದ್ದದ್ದು 168ಕ್ಕೆ ಇಳಿಯಿತು. ಆರಿಸಿದೆ, ಏರಿತು. ಆಮೇಲೆ ಹಾಕಲು ಕೈ ಬರಲಿಲ್ಲ. ರೇಷ್ಮೆ ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಶಾಲು, ಹಿಂದಿನ ಸೀಟಿನಲ್ಲಿ ಮಂಕಿ ಕ್ಯಾಪಿನೊಳಗಿಂದ ಅತ್ತೆಯ ದನಿ: "ಶ್ರೀಮಂತ ದೇಶ ಅಂತೀರಿ."

ವಾಪಸ್ಸು ಬರುವಾಗ ಎಂ1 ಬದಿಯಲ್ಲಿ ನಿಲ್ಲಿಸಿದ ಕಡೆ ಎರಡು ಚಾರ್ಜರು. ಒಂದರ ಪರದೆ ಕಪ್ಪು. ಇನ್ನೊಂದಕ್ಕೆ ವೈರು ಸಿಕ್ಕಿಸಿ ಒಬ್ಬ ಪುಣ್ಯಾತ್ಮ ಸೀಟು ಹಿಂದಕ್ಕೆ ಚಾಚಿ ಮಲಗಿದ್ದ. ಪರದೆಯ ಮೇಲೆ 91 ಪರ್ಸೆಂಟ್. 80 ದಾಟಿದ ಮೇಲೆ ಬ್ಯಾಟರಿ ಬಲು ನಿಧಾನ ತುಂಬುತ್ತದೆ, ಆಸೆ ಇದ್ದವರಷ್ಟೇ ಕಾಯುತ್ತಾರೆ. ಎಬ್ಬಿಸಲು ನನಗೆ ಸಂಕೋಚ. ನೀರಿನ ಕ್ಯೂಗಳಲ್ಲಿ ಪಳಗಿದ ಅತ್ತೆ ಇಳಿದು ಹೋಗಿ ಗಾಜು ತಟ್ಟಿದರು, ಪುಳಿಯೋಗರೆ ಡಬ್ಬಿ ಮುಂದೆ ಹಿಡಿದರು, "ಫಿನಿಶ್?" ಎಂದು ಕೇಳಿದರು. ಆತ ಎರಡು ತುತ್ತು ತಿಂದು, ಥ್ಯಾಂಕ್ಯೂ ಹೇಳಿ, ವೈರು ಕಿತ್ತು ನಮ್ಮ ಕೈಗೇ ಕೊಟ್ಟ.

ಆದರೂ ಆ 23 ಪೆನ್ಸಿನ ಮುಂದೆ ನನ್ನ ವಾದ ನಿಲ್ಲಲಿಲ್ಲ. ಡಿಸೆಂಬರಿನ ಒಂದು ಮಧ್ಯಾಹ್ನ ಮೀಟಿಂಗ್ ಮ್ಯೂಟ್ ಮಾಡಿ, "ಒಗ್ಗರಣೆ ಸೀಯ್ತಿದೆ ನೋಡು" ಎಂದು ಹೆಂಡತಿಗೆ ಎಚ್ಚರಿಸಿ, ಮಾತಿಗೆ ಮಾತು ಬಂದು ಆಫೀಸಿನ ಪಾರ್ಕಿಂಗಿನಲ್ಲಿ ಹೊಸದಾಗಿ ಚಾರ್ಜರ್ ಹಾಕಿದ ಸುದ್ದಿ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

"ಎಷ್ಟು ಹೊತ್ತು ಬೇಕಂತ್ರೀ ಅಲ್ಲಿ ತುಂಬೋಕೆ?"

"ಏಳು ಕಿಲೋವಾಟು. ನಿಧಾನ. ಎಂಟೂವರೆ, ಒಂಬತ್ತು ಗಂಟೆ."

"ಅಷ್ಟು ಹೊತ್ತೂ ನೀವು ಅಲ್ಲೇ ಇರ್ಬೇಕಾ?"

"ಇರ್ಲೇಬೇಕಲ್ಲ. ವಾರಕ್ಕೆ ಎರಡು ಸಲ ಹೋಗ್ಬೇಕಾಗ್ಬಹುದು."

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ಮೂರು ಸಲ ಹೋಗಿ" ಅಂದಳು. "ನಾಳೇನೇ ಬುಕ್ ಮಾಡಿ."