ಯಾರು ಬೆನ್ನ ಹತ್ಯಾರ?

ಮಿರಾಮಾರ್ ಸರ್ಕಲ್ಲು ಬಿಟ್ಟು ಕಾಂಪಾಲಿನ ಕಡೆಗೆ ಇನ್ನೂ ಮುನ್ನೂರು ಹೆಜ್ಜೆ ಓಡಿರಲಿಲ್ಲ. ಫುಟ್‌ಪಾತಿನ ಮೇಲೆ ಎಲೆ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ಕಸಬರಿಗೆ ನಿಲ್ಲಿಸಿದಳು. ನನ್ನ ಬೆನ್ನ ಹಿಂದಿನ ರಸ್ತೆಯನ್ನು ಉದ್ದಕ್ಕೂ ಒಮ್ಮೆ ಇಣುಕಿ ನೋಡಿ, ಯಾರೂ ಕಾಣದಿದ್ದಾಗ ಇನ್ನಷ್ಟು ಗಾಬರಿಯಾಗಿ, "ಯಾಕ್ರೀ ಯಣ್ಣಾ, ಯಾರು ಬೆನ್ನ ಹತ್ಯಾರ?" ಎಂದಳು.

ನಾನು ಕನ್ನಡದವನೆಂದು ಪಣಜಿಯ ಆ ಬೀದಿಯಲ್ಲಿ ಅವಳಿಗೆ ಹೇಗೆ ತಿಳಿಯಿತು? ಏದುಸಿರಿನ ನಡುವೆ ನಾನು "ಯಪ್ಪಾ, ಯವ್ವಾ" ಅನ್ನುತ್ತಿದ್ದೆನಂತೆ. ಮನುಷ್ಯ ಆಫೀಸಿನಲ್ಲಿ ಇಂಗ್ಲಿಷ್ ಹೊಡೆಯಬಹುದು, ಮೀನು ಮಾರ್ಕೆಟ್ಟಿನಲ್ಲಿ ಕೊಂಕಣಿ ಆಡಬಹುದು. ನರಳುವುದು ಮಾತ್ರ ತಾಯ್ನುಡಿಯಲ್ಲೇ. "ಡಾಕ್ಟರ್ ಓಡು ಅಂದಾರವ್ವಾ" ಎಂದೆ. ರೋಣದ ಕಡೆಯ ಆ ತಾಯಿ ನನ್ನ ಹೊಟ್ಟೆಯನ್ನು ಒಮ್ಮೆ, ತನ್ನ ಮುಂದಿನ ಎಲೆಯ ರಾಶಿಯನ್ನು ಒಮ್ಮೆ ನೋಡಿ, "ನಮಗ ಯಾವ ಡಾಕ್ಟರೂ ಹೇಳಬೇಕಾಗಿಲ್ಲ ನೋಡ್ರಿ" ಎಂದು ಮತ್ತೆ ಗುಡಿಸತೊಡಗಿದಳು.

ಅದು ನನ್ನ ಬಯಲು ಓಟದ ಮೊದಲ ದಿನ. ಅದಕ್ಕೂ ಮುಂಚೆ ನಾಲ್ಕು ತಿಂಗಳು ಮನೆ ಹತ್ತಿರದ ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಓಡಿದ್ದೆ. ಓಡಿದ್ದೆ ಅನ್ನುವುದು ಪರದೆಯ ಮೇಲಿನ ಕಿಲೋಮೀಟರಿನ ಮಾತು. ಲೆಕ್ಕ ಹಾಕಿದರೆ ಧಾರವಾಡಕ್ಕೆ ಹೋಗಿ ಪೇಡೆ ತಿಂದು ವಾಪಸು ಬರುವಷ್ಟು ದೂರ ಕ್ರಮಿಸಿದ್ದರೂ ಎದುರಿನ ಗೋಡೆಯ ಕ್ಯಾಲೆಂಡರ್ ಒಂದಂಗುಲವೂ ಹತ್ತಿರ ಬಂದಿರಲಿಲ್ಲ. ಮೊದಲ ದಿನ ಕೆಳಗಿಳಿದಾಗ ಒಂದು ತಮಾಷೆಯಾಯಿತು. ನೆಲ ನಿಂತೇ ಇತ್ತು, ಆದರೆ ನಾನೇ ಮುಂದಕ್ಕೆ ತೇಲಿಹೋದಂತಾಗಿ ಡಂಬೆಲ್ಲುಗಳ ಸ್ಟ್ಯಾಂಡ್ ಹಿಡಿದುಕೊಂಡೆ. ಕಾಲು ನಡೆಯುತ್ತಿದ್ದರೂ ಕಣ್ಣಿಗೆ ಲೋಕ ಅಲ್ಲಾಡದೆ ನಿಂತಿದ್ದರಿಂದ ಮಿದುಳು ತನ್ನ ಲೆಕ್ಕವನ್ನೇ ತಿದ್ದಿಕೊಂಡಿರುತ್ತದೆ. ಇಳಿದ ಮೇಲೂ ಸ್ವಲ್ಪ ಹೊತ್ತು ಅದೇ ತಪ್ಪು ಲೆಕ್ಕ.

ಇನ್ನೊಂದು ಆ ಕೆಂಪು ದಾರ. ಒಂದು ತುದಿಯಲ್ಲಿ ಕ್ಲಿಪ್ಪು, ಅದನ್ನು ಬನಿಯನ್ನಿಗೆ ಸಿಕ್ಕಿಸಿಕೊಳ್ಳಬೇಕು. ಇನ್ನೊಂದು ತುದಿಯ ಬಿಲ್ಲೆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ನೀವು ಬಿದ್ದರೆ ದಾರ ಜಗ್ಗಿ, ಬಿಲ್ಲೆ ಕಿತ್ತು, ಯಂತ್ರ ನಿಲ್ಲುತ್ತದೆ. ನಾನು ಬೀಳಲಿಲ್ಲ, ಪಕ್ಕದ ಟವೆಲ್ಲಿಗೆ ಕೈ ಚಾಚಿದೆ ಅಷ್ಟೆ. ಯಂತ್ರ ಕೀಂ ಎಂದು ಗಕ್ಕನೆ ನಿಂತು, ಬನಿಯನ್ನು ಮೊಳದುದ್ದ ಮುಂದೆ ಬಂದು, ಇಡೀ ಜಿಮ್ಮು ತಿರುಗಿ ನೋಡಿತು. ಹಗ್ಗ ಕಟ್ಟಿಸಿಕೊಂಡು ಇದ್ದಲ್ಲೇ ನಡೆಯುವ ಪ್ರಾಣಿ ಯಾವುದೆಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಗಾಣದೆತ್ತು ತಿರುಗಿದರೆ ಎಣ್ಣೆಯಾದರೂ ಬರುತ್ತದೆ.

ಎತ್ತಿನ ಹೋಲಿಕೆ ನನ್ನ ಕುಹಕವಲ್ಲ, ಟ್ರೆಡ್‌ಮಿಲ್ಲಿನ ವಂಶಾವಳಿಯೇ ಹಾಗಿದೆ. 1818ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್, ಕೈದಿಗಳು ಸುಮ್ಮನೆ ಕೂತಿದ್ದನ್ನು ನೋಡಲಾರದೆ, ಜೈಲುಗಳಿಗೆಂದು ತುಳಿಯುವ ಚಕ್ರ ಮಾಡಿಕೊಟ್ಟ. ಮೆಟ್ಟಿಲು ಹತ್ತುತ್ತಲೇ ಇರಬೇಕು, ಮೆಟ್ಟಿಲು ಇಳಿಯುತ್ತಲೇ ಇರುತ್ತದೆ. ಕೆಲವು ಕಡೆ ಅದರಿಂದ ಹಿಟ್ಟು ಬೀಸಿದರು, ನೀರೆತ್ತಿದರು; ಕೆಲವು ಕಡೆ ಬರೀ ಗಾಳಿ ತಿರುಗಿಸಿದರು. 1895ರಲ್ಲಿ ಜೈಲಿಗೆ ಹೋದ ಆಸ್ಕರ್ ವೈಲ್ಡನೂ ಅದನ್ನು ತುಳಿದವನೇ. ಕೊನೆಗೆ 1898ರ ಕಾನೂನಿನಿಂದ ಬ್ರಿಟಿಷರು ಅದನ್ನು ಕೈಬಿಟ್ಟರು. ಅವರು ಬಿಟ್ಟ ಶಿಕ್ಷೆಗೆ ನಾನು ತಿಂಗಳು ತಿಂಗಳು ಫೀಜು ಕಟ್ಟುತ್ತಿದ್ದೆ.

ಜಿಮ್ಮಿನ ಹುಡುಗ ಮಾತ್ರ ನನ್ನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಹೊರಗೆ ಎದುರುಗಾಳಿ ಇರುತ್ತದೆ, ಒಳಗಿಲ್ಲ, ಆದ್ದರಿಂದ ಯಂತ್ರವನ್ನು ಶೇಕಡ 1ರಷ್ಟು ಏರು ಮಾಡಿಕೊಂಡರೆ ಎರಡೂ ಒಂದೇ ಎಂದ. 1996ರಲ್ಲಿ ಇಂಗ್ಲೆಂಡಿನ ಜೋನ್ಸ್ ಮತ್ತು ಡೌಸ್ಟ್ ಎಂಬಿಬ್ಬರು ಹೀಗೆ ಅಳೆದು ತೋರಿಸಿದ್ದು ನಿಜ. ಆದರೆ ಅವರು ಅಳೆದದ್ದು ಗಂಟೆಗೆ ಹತ್ತು ಕಿಲೋಮೀಟರಿಗಿಂತ ಜೋರಾಗಿ ಓಡುವ ಪಳಗಿದ ಓಟಗಾರರನ್ನು. ನನ್ನ ವೇಗಕ್ಕೆ ಎದುರುಗಾಳಿ ಏಳುವುದೇ ಇಲ್ಲ. ನನ್ನನ್ನು ದಾಟಿ ಹೋದವರ ಗಾಳಿಯೇ ನನಗೆ ಬಡಿಯುವುದು.

ದಾಟುವವರೇನು ಕಡಿಮೆಯೇ? 2019ರ ಅಕ್ಟೋಬರಿನಲ್ಲಿ ಇದೇ ಮಿರಾಮಾರಿನಲ್ಲಿ ಐರನ್‌ಮ್ಯಾನ್ 70.3 ಸ್ಪರ್ಧೆ ನಡೆಯಿತು: 1.9 ಕಿಲೋಮೀಟರ್ ಸಮುದ್ರದಲ್ಲಿ ಈಜು, 90 ಕಿಲೋಮೀಟರ್ ಸೈಕಲ್ಲು, ಆಮೇಲೆ 21.1 ಕಿಲೋಮೀಟರ್ ಓಟ. ಆ ಜಾತಿಯ ಕಬ್ಬಿಣದ ಮನುಷ್ಯರು ಈಗಲೂ ಬೆಳಿಗ್ಗೆ ಸುಂಯ್ ಎಂದು ಹೋಗುತ್ತಾರೆ. ಕದಂಬ ಬಸ್ಸೂ ಹೋಗುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ; ಒಂದು ಕಾಲಕ್ಕೆ ಗೋವೆಯನ್ನೇ ಆಳಿದ ನಮ್ಮ ಕದಂಬರ ಎದುರು ಸೋತರೆ ಅವಮಾನವೇನು?

ಬೇಸರವಾಗುವುದು ನಾಯಿಗಳಿಂದ. ಕೂತವರನ್ನು, ನಡೆಯುವವರನ್ನು ಕ್ಷಮಿಸುವ ನಾಯಿ ಓಡುವವನಲ್ಲಿ ಮಾತ್ರ ಏನೋ ಅಪರಾಧ ಕಾಣುತ್ತದೆ. ವರ್ಷಗಟ್ಟಲೆ ನಾಯಿಗಳಿಗೆ ಲಸಿಕೆ ಹಾಕಿ 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಸರ್ಕಾರ ಘೋಷಿಸಿದೆ. ನನ್ನ ಕಾಲುಗಳು ಆ ಪ್ರಕಟಣೆ ಓದಿಲ್ಲ. ಕಲಾ ಅಕಾಡೆಮಿಯ ಹತ್ತಿರ ಒಂದು ಕಂದು ನಾಯಿಯಿದೆ. ನನ್ನ ಜೀವಮಾನದ ಅತಿ ವೇಗದ ಇನ್ನೂರು ಮೀಟರು ಅದರ ಕೃಪೆ.

ಇಷ್ಟಾದರೂ ರಸ್ತೆಯೇ ಇರಲಿ ಅನ್ನಿಸಿದ್ದು ಮಾಂಡವಿಯಿಂದ. ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಬಂದವಳು ಇಲ್ಲಿ ಹೆಸರು ಬದಲಿಸಿಕೊಂಡು ಸಮುದ್ರಕ್ಕೆ ಸೇರುವುದನ್ನು ನೋಡುತ್ತ ಓಡಿದರೆ ತವರಿನವರು ಸಿಕ್ಕಂತೆ. ಜೊತೆಗೆ ಓಡುವ ಗೋವೆಯ ಗೆಳೆಯನ ಮುಂದೆ ಮಾತ್ರ ಈ ಸಂಬಂಧ ಎತ್ತುವುದಿಲ್ಲ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿದ್ದು ಅವನಿಗೆ ಬಾಯಿಪಾಠ. ನಾನು ಈ ದಂಡೆಗೆ ದಿನಾ ಸುರಿಸುತ್ತಿರುವ ಬೆವರನ್ನು ಯಾವ ಮಂಡಳಿಯೂ ಲೆಕ್ಕಕ್ಕೆ ಹಿಡಿದಿಲ್ಲ.

ಹಿಂದಿರುಗುವಾಗ ಬ್ರೆಡ್ಡು ಮಾರುವ ಪೋದೇರ್ ಸಿಗುತ್ತಾನೆ. ಸೈಕಲ್ಲಿನ ಹಿಂದೆ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್ಕು, ಪೋಂ ಪೋಂ ಹಾರ್ನು. ಪ್ಲಾಸ್ಟಿಕ್ ಸರಿಸಿದರೆ ಹಬೆ, ತವಡಿನ ವಾಸನೆ, ಬಿಸಿ ಪೊಯ್. ನಾಲ್ಕು ಕೊಂಡು ಒಂದನ್ನು ದಾರಿಯಲ್ಲೇ ಮುಗಿಸುತ್ತೇನೆ. ಮನೆಯಲ್ಲಿ ಮೂರೇ ಕೈಗಿಟ್ಟಾಗ ಹೆಂಡತಿ, "ಓಡಿ ಕಳಕೊಂಡಿದ್ದನ್ನ ಅಲ್ಲೇ ತುಂಬಿಸ್ಕೊಂಡ್ ಬಂದ್ರೇನ್ರಿ?" ಎನ್ನುತ್ತಾಳೆ.

ಜೂನ್ ಬಂತು. ಗೋವೆಯ ಮಳೆ ಧಾರವಾಡದ ಜಿಟಿಜಿಟಿಯಲ್ಲ, ವರ್ಷಕ್ಕೆ ಹತ್ತಿರಹತ್ತಿರ ಮೂರು ಸಾವಿರ ಮಿಲಿಮೀಟರು. ಅದರ ಬಹುಪಾಲು ನಾನು ಬೂಟಿನ ಲೇಸು ಕಟ್ಟುವ ಹೊತ್ತಿಗೇ ಬೀಳುತ್ತದೆ. ತಲೆತಗ್ಗಿಸಿ ಜಿಮ್ಮಿಗೆ ಹೋದೆ. ಮೂರನೆಯ ದಿನ ಗುಡುಗಿಗೆ ಕರೆಂಟು ಹೋಗಿ ಪಟ್ಟಿ ನಿಂತುಬಿಟ್ಟಿತು. ಕತ್ತಲಲ್ಲಿ ಕೆಂಪು ದಾರ ಕಟ್ಟಿಕೊಂಡು ಸುಮ್ಮನೆ ನಿಂತಿದ್ದೆ. ಮರುದಿನದಿಂದ ಹೋಗಲಿಲ್ಲ. ಮನೆಯಲ್ಲಿ ಮಿರ್ಚಿ ಭಜಿಯ ಕಾಲವೂ ಅದೇ ಆಗಿತ್ತು.

ಸೆಪ್ಟೆಂಬರ್ ಕೊನೆಗೆ ಮಳೆ ಹೊಳವಾದ ಮೇಲೆ ಮತ್ತೆ ಕಾಂಪಾಲಿನ ದಾರಿ ಹಿಡಿದೆ. ಅದೇ ಫುಟ್‌ಪಾತು, ಒದ್ದೆ ಎಲೆಗಳು, ಅದೇ ಹೆಣ್ಣುಮಗಳು. ಕಸಬರಿಗೆ ನಿಲ್ಲಿಸಿ ಗುರುತು ಹಿಡಿದಳು.

"ಎಲ್ಲಿ ಮಾಯ ಆಗಿದ್ರಿ ಯಣ್ಣಾ? ಬೆನ್ನ ಹತ್ತಿದವ್ರು ಹಿಡದ್ರೇನು?"

"ಹಿಡದಾರವ್ವಾ," ಎಂದೆ. "ಮೂರು ಕಿಲೋ."