ದೊಡ್ಡ ತಟ್ಟೆಯ ಹುಚ್ಚು

ಮೆಟಲ್ ಡಿಟೆಕ್ಟರ್ ಕೊಂಡವರಿಗೆಲ್ಲ ಸ್ವಲ್ಪ ದಿನಕ್ಕೆ ಒಂದು ಹುಚ್ಚು ಹತ್ತುತ್ತದೆ. ಮೆಷಿನ್ನಿನ ಜೊತೆ ಬಂದ ಕಾಯಿಲ್, ಅಂದರೆ ಕೋಲಿನ ತುದಿಯ ತಟ್ಟೆ, ಸಾಲದು, ಬೇರೆ ಕಂಪನಿಯ ದೊಡ್ಡದೊಂದನ್ನು ತಂದು ಹಾಕಬೇಕು ಅನ್ನುವ ಹುಚ್ಚು. ಪಕ್ಕದ ತೋಟದ ಗೌಡರಿಗೂ ಈಗ ಹತ್ತಿದೆ. ಮೆಷಿನ್ ತರಿಸಿದ್ದೇನೋ ಒಳ್ಳೆಯ ಕಾರಣಕ್ಕೇ. ಹಣ್ಣು ಕೊಯ್ಯುವಾಗ ಅವರ ಸೊಸೆಯ ಓಲೆ ಅರೇಬಿಕಾ ಗಿಡದ ಬುಡದಲ್ಲೆಲ್ಲೋ ಬಿದ್ದು ದರಗಿನೊಳಗೆ ಮಾಯವಾಗಿತ್ತು.

"ಹದಿನೈದು ಇಂಚಿಂದು ನೋಡಿಟ್ಟಿದೀನಿ ಮಾರಾಯ್ರೆ. ಭಾರೀ ಆಳಕ್ಕೆ ಹೋಗ್ತದಂತೆ."

"ಓಲೆ ಎಷ್ಟು ಆಳದಲ್ಲಿ ಇರ್ತದೆ ಗೌಡ್ರೆ?"

"ಹೆಚ್ಚಂದ್ರೆ ಒಂದು ಬೆರಳು."

"ಮತ್ತೆ?"

ಗೌಡರು ಮಾತಾಡಲಿಲ್ಲ. ಆ ಮೌನದಲ್ಲಿ ಏಳು ಕೊಪ್ಪರಿಗೆ ಹೊನ್ನಿತ್ತು.

ಅವರನ್ನು ಬೈಯುವ ಹಾಗೂ ಇಲ್ಲ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ ಎಂಬ ಊರು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಹಾಳುಬಿದ್ದ ಒಂದೊಂದು ಮನೆಯ ಪಂಚಾಂಗದ ಕೆಳಗೂ ಒಂದು ಕೊಪ್ಪರಿಗೆ, ಅದರ ಮೇಲೊಂದು ಕಾವಲಿನ ಹಾವು ಎಂದು ಕೇಳಿಯೇ ಬೆಳೆದವರು ನಾವು. ಆದರೆ ಕೊಪ್ಪರಿಗೆ ಸಿಕ್ಕರೆ ಮೊದಲು ಹೋಗಬೇಕಾದದ್ದು ಜಿಲ್ಲಾಧಿಕಾರಿಯ ಹತ್ತಿರ. ಅದಕ್ಕೆಂದೇ ಕರ್ನಾಟಕದ್ದೇ ಆದ 1962ರ ನಿಧಿ ಕಾಯ್ದೆ ಇದೆ. ಹಾವನ್ನಾದರೂ ಹೇಗೋ ಸಮಾಧಾನ ಮಾಡಬಹುದು, ಕಾಯ್ದೆಯನ್ನು ಆಗುವುದಿಲ್ಲ.

ಕಾಯ್ದೆ ಆಚೆಗಿರಲಿ, ದೊಡ್ಡ ತಟ್ಟೆ ನಮ್ಮ ನೆಲಕ್ಕೇ ಒಗ್ಗುವುದಿಲ್ಲ. ತಟ್ಟೆಯೊಳಗೆ ಇರುವುದು ತಾಮ್ರದ ತಂತಿಯ ಎರಡು ಸುರುಳಿ. ಒಂದು ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಅದು ತಾಗಿದ ಲೋಹದಲ್ಲಿ ವಿದ್ಯುತ್ತಿನ ಸಣ್ಣ ಸುಳಿಗಳು ಏಳುತ್ತವೆ, ಅವುಗಳ ಮಾರುತ್ತರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಈ ಕ್ಷೇತ್ರ ಹೋಗುವಾಗಲೂ ಸೊರಗುತ್ತದೆ, ಬರುವಾಗಲೂ ಸೊರಗುತ್ತದೆ. ತಟ್ಟೆಯಿಂದ ಸ್ವಲ್ಪ ದೂರ ದಾಟಿದ ಮೇಲೆ ಆಳ ಎರಡರಷ್ಟಾದರೆ ಸಣ್ಣ ವಸ್ತುವಿನ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ತಟ್ಟೆಯ ಅಗಲ ಎರಡು ಪಟ್ಟು ಮಾಡಿದರೆ ಆಳವೂ ಎರಡು ಪಟ್ಟು ಎನ್ನುವ ಲೆಕ್ಕ ನಡೆಯುವುದಿಲ್ಲ. ಹೂತಿಟ್ಟ ಹಂಡೆಯಂಥದ್ದಕ್ಕೆ ದೊಡ್ಡ ತಟ್ಟೆ ಸರಿ. ಓಲೆಯಂಥ ಚೂರಿಗೆ ಅದು ಮಂದ.

ಅದರ ಮೇಲೆ ನಮ್ಮ ಮಣ್ಣು. ಕಳಸದಾಚೆ ಕುದುರೆಮುಖದಲ್ಲಿ 2005ರ ಡಿಸೆಂಬರ್ 31ರವರೆಗೆ ತೋಡಿ ಪೈಪಿನಲ್ಲಿ ಮಂಗಳೂರಿಗೆ ಹರಿಸಿದ್ದು ಮ್ಯಾಗ್ನೆಟೈಟ್ ಅದಿರು. ಇತ್ತ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಹೋಯಿತು. ಗಣಿ ಇಲ್ಲದ ಕಡೆಯೂ ಕೆಂಪು ಮಣ್ಣು, ಜಂಬಿಟ್ಟಿಗೆ. ಎಲ್ಲದರಲ್ಲೂ ಕಬ್ಬಿಣದ ಅಂಶ. ದೊಡ್ಡ ತಟ್ಟೆ ಒಂದೇ ಸಲಕ್ಕೆ ಇಷ್ಟು ಮಣ್ಣನ್ನೂ ಕೇಳಿಸಿಕೊಳ್ಳಬೇಕು. ಜಾತ್ರೆಯ ನಡುವೆ ನಿಂತು ಪಿಸುಮಾತಿಗೆ ಕಿವಿಗೊಟ್ಟ ಹಾಗೆ.

ಆದ್ದರಿಂದ ಇಂಚು ಕೇಳುವ ಮೊದಲು ಜಾತಿ ಕೇಳಬೇಕು. ಕಾನ್ಸೆಂಟ್ರಿಕ್ ಕಾಯಿಲ್ಲಿನಲ್ಲಿ ಬಳೆಯೊಳಗೆ ಬಳೆ. ವಸ್ತು ಎಲ್ಲಿದೆಯೆಂದು ಕರಾರುವಾಕ್ಕಾಗಿ ತೋರಿಸುತ್ತದೆ, ಆದರೆ ಕಬ್ಬಿಣದ ಮಣ್ಣಿನಲ್ಲಿ ಸುಮ್ಮಸುಮ್ಮನೆ ಕೂಗುತ್ತದೆ. ಡಿಡಿ ಕಾಯಿಲ್ಲಿನಲ್ಲಿ ಡಿ ಆಕಾರದ ಎರಡು ಸುರುಳಿ ಬೆನ್ನಿಗೆ ಬೆನ್ನು ಕೊಟ್ಟು ನಡುವೆ ಒಂದರ ಮೇಲೊಂದು ಹಾಯ್ದಿರುತ್ತವೆ. ಮುಖ್ಯವಾಗಿ ಕೇಳುವುದು ಆ ನಡುಪಟ್ಟಿಯೇ ಆದ್ದರಿಂದ ಮಣ್ಣಿನ ಗಲಾಟೆ ಕಮ್ಮಿ. ನಮ್ಮ ಕಡೆಗೆ ಡಿಡಿಯೇ ಸರಿ, ಅದೂ ಐದಾರು ಇಂಚಿನದು. ಅರೇಬಿಕಾ ಗಿಡದ ರೆಕ್ಕೆ ನೆಲ ಮುಟ್ಟುವ ಹಾಗೆ ಇಳಿದಿರುತ್ತದೆ. ಹದಿನೈದು ಇಂಚಿನ ತಟ್ಟೆ ಅದರಡಿಗೆ ನುಗ್ಗುವುದೇ ಇಲ್ಲ. ಸಣ್ಣದಾದರೆ ಬುಡದವರೆಗೂ ಸವರಿಕೊಂಡು ಬರಬಹುದು. ಬಾಟಲಿ ಮುಚ್ಚಳವೂ ಓಲೆಯೂ ಹತ್ತಿರ ಹತ್ತಿರ ಬಿದ್ದಿದ್ದರೆ ಎರಡನ್ನೂ ಬೇರೆ ಬೇರೆ ಹೇಳುತ್ತದೆ. ಒಂದು ಮಾತು: ತೆಳು ಚಿನ್ನಕ್ಕೂ ಮಾತ್ರೆ ಹಾಳೆಯ ಫಾಯಿಲ್ಲಿಗೂ ಮೆಷಿನ್ನು ಹೆಚ್ಚುಕಮ್ಮಿ ಒಂದೇ ನಂಬರು ಕೊಡುತ್ತದೆ. ಫಾಯಿಲ್ ಎಂದು ತೋರಿಸಿದ್ದನ್ನೂ ಬಿಡದೆ ಕೆದಕಬೇಕು.

"ಹೊರಗಿನ ಕಂಪನಿದು ಕೂರ್ತದಾ?" ಅಂದರು ಗೌಡರು.

ಉಕ್ರೇನಿನ ನೆಲ್, ಬಲ್ಗೇರಿಯಾದ ಡಿಟೆಕ್, ಆಸ್ಟ್ರೇಲಿಯಾದ ಕಾಯಿಲ್‌ಟೆಕ್ ಇವರೆಲ್ಲ ಬೇರೆಯವರ ಮೆಷಿನ್ನಿಗೆ ಕಾಯಿಲ್ ಮಾಡಿಕೊಡುವವರೇ. ಆದರೆ ಪಿನ್ನು ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದಲ್ಲ. ಸುರುಳಿಯನ್ನು ಆಯಾ ಮೆಷಿನ್ನಿನ ಫ್ರೀಕ್ವೆನ್ಸಿಗೆ ಹೊಂದಿಸಿ ಸುತ್ತಿರುತ್ತಾರೆ. ಪೆಟ್ಟಿಗೆಯ ಮೇಲೆ ನಿಮ್ಮ ಮಾಡೆಲ್ಲಿನ ಹೆಸರೇ ಇರಬೇಕು. ತೂಕ ಕೇಳಿ. ಕೋಲಿನ ತುದಿಯಲ್ಲಿ ಕೂರುವ ಭಾರ ಕಳಸದ ಏರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಭುಜಕ್ಕೆ ಲೆಕ್ಕ ಕೊಡುತ್ತದೆ. ಕೇಬಲ್ಲನ್ನು ಕೋಲಿಗೆ ಬಿಗಿಯಾಗಿ ಸುತ್ತಿ; ಜೋತಾಡಿದರೆ ಅದೂ ಕೂಗಿಸುತ್ತದೆ. ತಟ್ಟೆಯ ಕವರ್ ಬಿಚ್ಚಿ ಆಗಾಗ ತೊಳೆಯಿರಿ, ಒಳಗೆ ಕೂತ ಕೆಂಪು ಕೆಸರೂ ಸಾಕು ದಾರಿ ತಪ್ಪಿಸಲಿಕ್ಕೆ. ಇನ್ನು ಸೊಂಟದ ಕತ್ತಿ ಬಿಚ್ಚಿಟ್ಟು ಹುಡುಕಿ, ಹತ್ತಿರದ ಲೋಹವೂ ಸುರುಳಿಯ ದಾರಿ ತಪ್ಪಿಸುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದಾಗ ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಸುರುಳಿ ಹಿಡಿದು ಮೈಯೊಳಗಿನ ಗುಂಡು ಹುಡುಕಿದರು. ಸಿಗಲಿಲ್ಲ. ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗ್ ಇತ್ತು. ಮೇಲಾಗಿ ವೈದ್ಯರು ತೋರಿಸಿದ್ದು ಬಲಮಗ್ಗುಲು, ಗುಂಡು ಇದ್ದದ್ದು ಎಡಕ್ಕೆ.

"ಅಂದ್ರೆ ಓಲೆ ಒಂದಕ್ಕೇ ಅಷ್ಟು ದುಡ್ಡಾ?"

ಒಂದಕ್ಕೇ ಅಲ್ಲ. ತೋಟದವರಿಗೆ ಸಣ್ಣ ಕಾಯಿಲ್ ದುಡಿದುಕೊಡುವುದು ಸಿಲ್ವರ್ ಓಕ್ ಮಾರುವಾಗ. ಎಂದೋ ಮರಕ್ಕೇ ಹೊಡೆದ ಮೊಳೆ, ಮುಳ್ಳುತಂತಿ ಎಲ್ಲವನ್ನೂ ತೊಗಟೆ ನುಂಗಿಕೊಂಡಿರುತ್ತದೆ. ಹೊರಗೆ ಒಂದು ಗಂಟೂ ಕಾಣುವುದಿಲ್ಲ. ಮಿಲ್ಲಿನಲ್ಲಿ ಗರಗಸಕ್ಕೆ ಸಿಕ್ಕಿದಾಗಲೇ ಗೊತ್ತಾಗುವುದು. ಬ್ಲೇಡಿನ ನಷ್ಟವನ್ನು ಅವರು ಮುರಿದುಕೊಳ್ಳುವುದು ನಮ್ಮ ಮರದ ರೇಟಿನಲ್ಲೇ. ಕಡಿಯುವ ಮೊದಲು ಬುಡದಿಂದ ತಲೆಯೆತ್ತರದವರೆಗೆ ಒಮ್ಮೆ ಸವರಿದರೆ ಮೊಳೆ ಇರುವ ತುಂಡನ್ನು ಸೌದೆಗೆ ಬಿಟ್ಟು ಉಳಿದದ್ದನ್ನು ಕೊಡಬಹುದು.

ಗೌಡರ ಕಣ್ಣು ಕೂಡಲೇ ನಮ್ಮಿಬ್ಬರ ನಡುವಿನ ಸಾಲುಮರದ ಮೇಲೆ ಹೋಯಿತು.

"ಗೌಡ್ರೆ, ಮರದೊಳಗೆ ತಂತಿ ಇದ್ಯಾ ಅಂತ ಕಾಯಿಲ್ ಹೇಳ್ತದೆ. ಮರ ನಿಮ್ದೋ ನಮ್ದೋ ಅಂತ ಹೇಳಲ್ಲ. ಅದಕ್ಕೆ ಸರ್ವೆಯವರೇ ಬರ್ಬೇಕು."

"ಸರ್ವೆ ಎಲ್ಲ ಎಂತಕ್ಕೆ ಮಾರಾಯ್ರೆ? ದುಡ್ಡು ಅರ್ಧ ಅರ್ಧ ಮಾಡ್ಕೊಳ್ಳಣ. ಮೊಳೆ ಸಿಕ್ಕಿದ್ರೆ ಪೂರ್ತಿ ನಿಮ್ಗೇ."